ಮಾರ್ನೆಮಿಯ ಕರಿ ಕೋಟು

ಮಂಗಳೂರಿನಲ್ಲಿ ಮಳೆ ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಹೊರಟೆ ಎಂದು ಹೇಳಿ ಹೋಗುತ್ತದೆ, ಕೊಡೆ ಮರೆತವರ ಹಾಗೆ ತಿರುಗಿ ಬರುತ್ತದೆ. ಸೋಣ ತಿಂಗಳು ಕಳೆದು ಮಾರ್ನೆಮಿ ಹತ್ತಿರವಾಗುವಾಗ ಮಾತ್ರ ಬೋಳಾರದ ನಮ್ಮ ಅಂಗಳದ ಪಾಚಿ ಒಣಗಿ ಕಾಲಿಗೆ ಹಿಡಿತ ಸಿಗುತ್ತಿತ್ತು. ನವರಾತ್ರಿಗೆ ನಮ್ಮ ಕಡೆ ಮಾರ್ನೆಮಿ ಎನ್ನುತ್ತಾರೆ. ಆ ಬಿಸಿಲಿಗೆ ನಾನು ಮನೆಯೊಳಗಿದ್ದುದನ್ನೆಲ್ಲ ಹೊರಗೆ ಹಾಕುತ್ತಿದ್ದೆ: ಚಾಪೆ, ಹಾಸಿಗೆ, ಪೆಟ್ಟಿಗೆಯ ಸೀರೆ, ಎಲ್ಲಕ್ಕಿಂತ ಮೊದಲು ಗಂಡನ ಆಫೀಸಿನ ಕರಿ ಕೋಟು. ಮಳೆಗಾಲದಲ್ಲಿ ಅದರ ಕಾಲರಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ತೆಂಗಿನ ನಾರಿನಿಂದ ಉಜ್ಜಿ, ಒಳಮಗ್ಗುಲು ಮೇಲೆ ಮಾಡಿ ಹಗ್ಗದ ಮೇಲೆ ಒಣಗಿಸಬೇಕು. ಹೊರಮಗ್ಗುಲಿಗೆ ಬಿಸಿಲು ತಾಗಿದರೆ ಕರಿ ಹೋಗಿ ಕೆಂಪಾಗುತ್ತದೆ.

ತಿಂಗಳುಗಟ್ಟಲೆ ಮಾಡಿನ ಕೆಳಗೆ ಕುಳಿತ ಊರು ಆ ದಿನಗಳಲ್ಲಿ ಪೂರ ಹೊರಗೆ ಬರುತ್ತಿತ್ತು. ಬಂದರಿಗೆ ಹೋದರೆ ತೆಂಗಿನ ಮಡಲಿನ ಮರೆಯಲ್ಲಿ ಮಲಗಿದ್ದ ಮಚ್ವೆ ದೋಣಿಗಳನ್ನು ಎಳೆದು ನೀರಿಗೆ ಇಳಿಸುವುದನ್ನು ನೋಡಬಹುದು. ಸಂಜೆಗೆ ಲೈಟ್‌ಹೌಸ್ ಗುಡ್ಡ ಹತ್ತಿದರೆ ಗಾಳಿ ಉಂಟು, ಹುರಿದ ಕಡಲೆ ಉಂಟು, ಅಳಿವೆಯಲ್ಲಿ ಹೊಳೆಯ ಕೆಂಪು ನೀರು ಸಮುದ್ರದೊಳಗೆ ಎಲ್ಲಿಯವರೆಗೆ ಹೋಗಿದೆ ಎಂದು ಕಾಣುತ್ತದೆ. ದೇರೆಬೈಲಿನ ಕಡೆ ನೆಂಟರಿದ್ದವರು ಹೊಸ ಭತ್ತದ ಅವಲಕ್ಕಿ ತಿನ್ನಲು ಹೋಗುತ್ತಿದ್ದರು. ಮಾರ್ನೆಮಿ ಹಿಡಿದ ಮೇಲಂತೂ ಬೀದಿಯಲ್ಲೇ ವೇಷಗಳು: ಹುಲಿ, ಕರಡಿ, ಕೊರವಂಜಿ, ಪೋಲೀಸಿನವ. ಇದಕ್ಕೆಲ್ಲ ಖರ್ಚು ಎಂತದೂ ಇಲ್ಲ, ಕಾಲು ಗಟ್ಟಿ ಇದ್ದರೆ ಸಾಕು.

ನಮ್ಮ ಮನೆಯಲ್ಲಿ ಆ ವರ್ಷ ಕಾಲಿನದೇ ಸುದ್ದಿ. ಗಂಡನ ತಾಯಿಯನ್ನು ನಾನು ಮಾಮಿ ಎಂದು ಕರೆಯುತ್ತಿದ್ದೆ. ಮಾಮಿಗೆ ಆ ಮಳೆಗಾಲದಲ್ಲಿ ಮೊಣಕಾಲು ಹಿಡಿಯಿತು. ಬಾವಿಕಟ್ಟೆಗೆ ಹೋಗಲೂ ನನ್ನ ಹೆಗಲು ಬೇಕಾಯಿತು. ಅದೇ ಸಮಯದಲ್ಲಿ ಗಂಡ ಹೊಳೆಬದಿಯ ಮುರಕಲ್ಲಿನ ಮೆಟ್ಟಲಲ್ಲಿ ಜಾರಿ ಕೆಲವು ದಿನ ಕುಂಟಿದರು. ಅವರ ಕಾಲು ವಾಸಿಯಾಯಿತು. ಆದರೆ ಮಾಮಿ ಸಂಜೆ ಜಗಲಿಯಲ್ಲಿ ಕುಳಿತು, ಮಗ ಗೇಟು ದಾಟಿ ಬರುವ ಹೆಜ್ಜೆಯ ಸದ್ದನ್ನು ಕಿವಿಗೊಟ್ಟು ಕೇಳಲು ಶುರುಮಾಡಿದರು.

ಕೊನೆಗೆ ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದರು. ಮಗ ಚಿಕ್ಕವನಿದ್ದಾಗ ಅವನ ಪ್ರಾಯದ ಮಕ್ಕಳೆಲ್ಲ ಓಡಾಡಿದರೂ ಅವನಿಗೆ ಕಾಲು ಬಂದಿರಲಿಲ್ಲ. ಆಗ ಮಂಗಳಾದೇವಿಯ ಗುಡಿಯ ನಡೆಯಲ್ಲಿ, ದೇವಿಯ ಎದುರು ನಿಂತು, ಇವ ನಡೆದರೆ ಮಾರ್ನೆಮಿಗೆ ವೇಷ ಹಾಕಿಸಿ ಮನೆಮನೆಗೆ ನಡೆಸುತ್ತೇನೆ, ಬೇಡಿದ್ದನ್ನು ನಿನ್ನ ನಡೆಗೆ ತಂದು ಹಾಕಿಸುತ್ತೇನೆ ಎಂದು ಹರಕೆ ಹೇಳಿದ್ದರಂತೆ. ಮಗ ನಡೆದ. ಅಷ್ಟರಲ್ಲಿ ಮಾವ ತೀರಿಕೊಂಡರು. ಆಮೇಲೆ ಶಾಲೆ, ಆಮೇಲೆ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನ ಕೆಲಸ. ಹರಕೆ ಹಾಗೆಯೇ ಉಳಿಯಿತು. ಈಗ ದೇವಿ ಕೊಟ್ಟ ಕಾಲನ್ನು ವಾಪಸು ಕೇಳುತ್ತಿದ್ದಾಳೆ, ಮೊದಲು ನನ್ನದು, ಆಮೇಲೆ ನಿನ್ನದು ಎಂದು ಮಾಮಿ ಹೇಳುವಾಗ ಅವರ ಕೈಯಲ್ಲಿ ಅನ್ನ ಹಾಗೆಯೇ ಇತ್ತು.

ಗಂಡ ಮೊದಲು ನಕ್ಕರು. ಅಮ್ಮನ ಮುಖ ನೋಡಿ ನಗು ನಿಲ್ಲಿಸಿದರು. ಮುಂದಿನ ವರ್ಷ ನೋಡುವ ಎಂದರು.

"ಮುಂದಿನ ವರ್ಷ, ಮುಂದಿನ ವರ್ಷ ಎಂದು ಹೇಳಿಯೇ ನಿನಗೆ ಮೀಸೆ ಬಂದದ್ದು," ಎಂದರು ಮಾಮಿ.

ಗಂಡನ ಸಂಕಟವೂ ನನಗೆ ತಿಳಿಯುತ್ತಿತ್ತು. ಹರಕೆ ಎಂದರೆ ನಮ್ಮಲ್ಲಿ ಹುಲಿಯೇ. ಮೈಗೆಲ್ಲ ಹಳದಿ ಬಣ್ಣ, ಮೇಲೆ ಕರಿ ಪಟ್ಟೆ, ಹಿಂದೆ ತಾಸೆ ಡೋಲಿನ ಬಡಿತ. ಕಾರ್ಖಾನೆಯ ಬಿಳಿ ದೊರೆಯ ಎದುರು ನಿಂತು ಇಂಗ್ಲಿಷಿನಲ್ಲಿ ಕಾಗದ ಓದುವ ಮನುಷ್ಯ ಹಾಗೆ ಬೀದಿಯಲ್ಲಿ ಕುಣಿದು, ಮರುದಿನ ಅದೇ ಆಫೀಸಿಗೆ ಹೋಗುವುದು ಹೇಗೆ? ಹೆಡ್ ಗುಮಾಸ್ತರ ಮನೆಯೂ ಗುಡಿಗೆ ಹೋಗುವ ದಾರಿಯಲ್ಲೇ ಇತ್ತು. ಎರಡು ದಿನ ಯೋಚಿಸಿ ಅವರು ವಕೀಲರ ಹಾಗೆ ಒಂದು ಪ್ರಶ್ನೆ ತಂದರು.

"ಅಮ್ಮ, ನೀವು ದೇವಿಯ ಹತ್ತಿರ ಹೇಳಿದ್ದು ಹುಲಿ ಎಂದಾ, ವೇಷ ಎಂದಾ? ಸರಿ ನೆನಪು ಮಾಡಿ ಹೇಳಿ."

ಮಾಮಿ ಸುಳ್ಳು ಹೇಳುವವರಲ್ಲ. ಬಹಳ ಹೊತ್ತು ಯೋಚಿಸಿ, "ವೇಷ ಎಂದೇ ಹೇಳಿದ್ದು. ಹುಲಿ ಎಂದು ಬಾಯಿಗೆ ಬರಲಿಲ್ಲ," ಎಂದರು.

"ಹಾಗಾದರೆ ಹುಲಿಯೇ ಆಗಬೇಕೆಂದು ಇಲ್ಲ. ವೇಷ ಎಂದರೆ ವೇಷ. ಯಾವುದಾದರೂ ಆದೀತು."

ಮಾಮಿ ಒಪ್ಪಿದರು. ಯಾವುದು ಎಂಬುದಷ್ಟೇ ಉಳಿಯಿತು, ಅದು ಮುಗಿಯಲೇ ಇಲ್ಲ. ನಮ್ಮ ಹಿತ್ತಲ ಗೋಡೆಯ ಆಚೆ ಒಬ್ಬ ಬ್ಯಾರಿ ವ್ಯಾಪಾರಿಯ ಮನೆ. ಆ ಮನೆಯಾಕೆ ಮತ್ತು ನಾನು ಗೋಡೆಯ ಮೇಲಿನಿಂದ ಮೆಣಸು, ಬೆಂಕಿ, ಸುದ್ದಿ ಎಲ್ಲ ಸಾಲ ಕೊಟ್ಟುಕೊಳ್ಳುವವರು. ಸಂಗತಿ ಹೇಳಿದೆ.

"ಕರಡಿ ಮಾಡಿ ಅಕ್ಕ," ಎಂದಳು ಆಕೆ. "ನಿಮ್ಮವರು ಬಾವಿಕಟ್ಟೆಯಲ್ಲಿ ಸ್ನಾನ ಮಾಡುವಾಗ ನಮ್ಮ ಮಕ್ಕಳು ನೋಡಿದ್ದಾರೆ. ಕೂದಲು ಬೇರೆ ತರಬೇಕೆಂದು ಇಲ್ಲವಂತೆ."

ಇದನ್ನು ನಾನು ಗಂಡನಿಗೆ ಹೇಳಲಿಲ್ಲ. ಇನ್ನೊಂದು ಸುದ್ದಿಯನ್ನು ಅವರೇ ತಂದರು. ಆ ವರ್ಷ ಬಂದರಿನ ಕಡೆಯಿಂದ ಒಂದು ಹೊಸ ವೇಷ ಹೊರಟಿತ್ತು, ಗುಮಾಸ್ತನ ವೇಷ. ಕರಿ ಕೋಟು, ಮುಂಡಾಸು, ಕಂಕುಳಲ್ಲಿ ಕೊಡೆ, ಕಿವಿಯ ಸಂದಿಯಲ್ಲಿ ಲೇಖನಿ. ಅವನು ಮನೆಮನೆಗೆ ಹೋಗಿ ಮೂಗಿನಲ್ಲಿ ಇಂಗ್ಲಿಷು ಮಾತಾಡಿ ಎಲ್ಲರನ್ನೂ ಗದರಿಸುತ್ತಾನಂತೆ, ಜನ ಬಿದ್ದುಬಿದ್ದು ನಗುತ್ತಾರಂತೆ. ಗಂಡನಿಗೆ ಸಿಟ್ಟು. ಅದು ವೇಷವಲ್ಲ, ಮರ್ಯಾದಸ್ಥರ ಅಪಹಾಸ್ಯ ಎಂದರು. ಅಂತೂ ವೇಷದ ಮಾತು ಹಿಂದೆ ಬಿತ್ತು. ಮಾರ್ನೆಮಿಯ ದಿನಗಳು ಒಂದೊಂದಾಗಿ ಕಳೆದು ಮಹಾನವಮಿ ಬಂತು.

ಆ ದಿನ ಆಫೀಸಿನಲ್ಲಿ ಆಯುಧಪೂಜೆ ಮುಗಿಸಿ ಮಧ್ಯಾಹ್ನಕ್ಕೇ ಬಂದ ಗಂಡ ಒಂದು ಎತ್ತಿನ ಗಾಡಿಯನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡಿದ್ದರು. ಅಮ್ಮನಿಗೆ ಊರೆಲ್ಲ ತೋರಿಸಿಕೊಂಡು ಬರುವ ಎಂದರು. ವೇಷದ ಬದಲಿಗೆ ಇದು ಎಂದು ಮೂವರಿಗೂ ಗೊತ್ತಿತ್ತು. ಮಕ್ಕಳು ರಜೆಗೆ ವಾಮಂಜೂರಿನ ನನ್ನ ತವರಿಗೆ ಹೋಗಿದ್ದರು. ಗಾಡಿಯವ ಅವಸರ ಮಾಡಿದ್ದರಿಂದ ಗಂಡ ಕೋಟು, ಮುಂಡಾಸು ಕೂಡ ಬದಲಿಸಲಿಲ್ಲ, ಕಂಕುಳ ಕೊಡೆಯನ್ನೂ ಕೆಳಗೆ ಇಡಲಿಲ್ಲ. ನಾನು ಬೈಹುಲ್ಲಿನ ಮೇಲೆ ಕಂಬಳಿ ಹಾಸಿ ಮಾಮಿಯನ್ನು ಹತ್ತಿಸಿದೆ.

ಬಂದರಿಗೆ ಹೋದೆವು. ಹೊಸದಾಗಿ ಎಣ್ಣೆ ಬಳಿದ ಮಚ್ವೆಗಳು ಸಾಲಾಗಿ ನಿಂತಿದ್ದವು. ಒಂದರ ಮೇಲೆ ಖಲಾಸಿಗಳು ಹಾಯಿಯ ಬಟ್ಟೆ ಹಾಸಿ ಹೊಲಿಯುತ್ತಿದ್ದರು. ಒಣಮೀನು, ಶುಂಠಿ, ತೆಂಗಿನ ಹಗ್ಗ ಎಲ್ಲ ಸೇರಿದ ಆ ವಾಸನೆ ನನಗೆ ಇಷ್ಟ. ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಕಬ್ಬು ತಿಂದೆವು. ಮಾಮಿಗೆ ಹಲ್ಲು ಸಾಲದೆ ನಾನು ಸಣ್ಣಸಣ್ಣ ತುಂಡು ಮಾಡಿ ಕೊಟ್ಟೆ. ರಥಬೀದಿಯಲ್ಲಿ ನನಗೆ ಬಳೆ, ಮಕ್ಕಳಿಗೆ ಸಕ್ಕರೆಯ ಅಚ್ಚು. ಗಂಡ ಒಂದೊಂದನ್ನೂ ಬೆರಳು ಮಾಡಿ ತೋರಿಸಿ, ಅದು ನೋಡಿ ಅಮ್ಮ, ಇದು ನೋಡಿ ಎನ್ನುತ್ತಿದ್ದರು. ಮಾಮಿ ಹೂಂ ಎನ್ನುತ್ತಿದ್ದರು. ಅವರ ಕಣ್ಣು ಗಾಡಿಯ ಪಕ್ಕದಲ್ಲಿ ನಡೆಯುವ ಮಗನ ಪಾದದ ಮೇಲೆಯೇ ಇತ್ತು.

ಸಂಜೆ ಬೋಳಾರಕ್ಕೆ ತಿರುಗುವಾಗ ಗುಡಿಯ ಬೀದಿಯಲ್ಲಿ ಜನ ಕಿಕ್ಕಿರಿದಿದ್ದರು. ತಾಸೆಯ ಶಬ್ದಕ್ಕೆ ಎತ್ತುಗಳು ಬೆದರಿದವು. ಇನ್ನು ಮುಂದೆ ಹೋಗುವುದಿಲ್ಲ ಎಂದ ಗಾಡಿಯವ. ನಾವು ಇಳಿದೆವು. ಮಾಮಿ ನನ್ನ ಹೆಗಲು ಹಿಡಿದರು. ಗಂಡ ಮುಂದೆ ಹೋಗಿ ಕೊಡೆ ಅಡ್ಡ ಹಿಡಿದು, ದಾರಿ ಬಿಡಿ, ದಾರಿ ಬಿಡಿ ಎಂದು ಜನರನ್ನು ಸರಿಸತೊಡಗಿದರು.

ಒಂದು ದೊಡ್ಡ ಮನೆಯ ಜಗಲಿಯಲ್ಲಿ ವೇಷ ನೋಡಲು ಮನೆಮಂದಿಯೆಲ್ಲ ಕುಳಿತಿದ್ದರು. ಮಕ್ಕಳು ಕೈತಟ್ಟಿ, ಗುಮಾಸ್ತ ಬಂದ, ಗುಮಾಸ್ತ ಬಂದ ಎಂದು ಕೂಗಿದವು. ನಡುವೆ ಕುಳಿತ ಮುದುಕರು ವೀಳ್ಯದ ತಟ್ಟೆ ಬದಿಗೆ ಸರಿಸಿ ಕರೆದರು.

"ಎಂತ ಗುಮಾಸ್ತ, ನಮ್ಮ ಮನೆ ಬಿಟ್ಟು ಹೋಗುವುದಾ? ಇಲ್ಲಿ ಬಾ ಮಾರಾಯ, ನಾಲ್ಕು ಇಂಗ್ಲಿಷು ಬಿಡು."

ಗಂಡನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆದಾಗ ಕಿವಿ ಕೆಂಪಾಯಿತು.

"ನಾನು ವೇಷ ಅಲ್ಲ," ಎಂದರು. "ನಾನು ನಿಜವಾದ ಗುಮಾಸ್ತ."

ಜಗಲಿ ನಕ್ಕಿತು. ಮುದುಕರು ಕಣ್ಣು ಒರೆಸಿಕೊಂಡು, ಅದನ್ನೇ ಇನ್ನೊಂದು ಸಲ ಹೇಳು ಎಂದರು. ಇವರು ಎದೆ ಸೆಟೆಸಿ, ತಾನು ಯಾವ ಆಫೀಸು, ಯಾವ ದೊರೆಯ ಕೈಕೆಳಗೆ ಎಂದೆಲ್ಲ ವಿವರಿಸಿದರು. ಸಿಟ್ಟು ಬಂದಾಗ ಅವರ ಮಾತಿನಲ್ಲಿ ಇಂಗ್ಲಿಷು ಹೆಚ್ಚಾಗುತ್ತಿತ್ತು. ಅವರು ವಿವರಿಸಿದಷ್ಟೂ ನಗು ಏರಿತು. ಬೀದಿಯವರೂ ಬಂದು ಸುತ್ತ ನಿಂತರು. ಬಂದರಿನವನಿಗಿಂತ ಇವನೇ ವಾಸಿ ಎಂದು ನನ್ನ ಪಕ್ಕದಲ್ಲಿ ಒಬ್ಬ ಹೇಳಿದ.

ಅಷ್ಟರಲ್ಲಿ ಆ ಮನೆಯ ಹೆಂಗಸು ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ ಹಿಡಿದು ಮೆಟ್ಟಲಿಗೆ ಬಂದು ನಿಂತಳು. ಮಾರ್ನೆಮಿಯಲ್ಲಿ ವೇಷಕ್ಕೆಂದು ಹೊರಗೆ ತಂದದ್ದನ್ನು ಒಳಗೆ ಒಯ್ಯುವ ಕ್ರಮ ಇಲ್ಲ. ಅವಳು ನಗಲಿಲ್ಲ, ಕಾದಳು. ಗಂಡ ಬೇಡ ಎನ್ನಲು ಕೈ ಎತ್ತಿದರು. ನನ್ನ ಹೆಗಲ ಮೇಲಿದ್ದ ಮಾಮಿಯ ಬೆರಳು ಬಿಗಿಯಾಯಿತು.

"ಮಗಾ, ಕೈ ಒಡ್ಡು," ಎಂದರು ಮಾಮಿ.

ಅವರು ತಿರುಗಿ ನೋಡಿದರು. "ಅಮ್ಮ, ಇದು ನನ್ನ ಕೋಟು."

"ಅವರಿಗೆ ಗೊತ್ತಿಲ್ಲ ಅಲ್ಲವಾ? ಅವರಿಗೆ ಅದು ವೇಷ. ನಾನು ಹುಲಿ ಎಂದು ಹೇಳಲಿಲ್ಲ, ನೀನೇ ಹೇಳಿದೆಯಲ್ಲ, ಯಾವುದಾದರೂ ಆದೀತು ಎಂದು. ಕೈ ಒಡ್ಡು ಮಗಾ."

ಅವರು ಮಾಮಿಯ ಮುಖವನ್ನು ನೋಡಿದರು, ನನ್ನನ್ನು ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ. ಆಮೇಲೆ ಅವರು ಕೊಡೆ ಬಿಡಿಸಿ, ತಲೆಕೆಳಗು ಮಾಡಿ, ಮೆಟ್ಟಲಿನ ಕೆಳಗೆ ಒಡ್ಡಿದರು. ಅಕ್ಕಿ ಕೊಡೆಯ ಬಟ್ಟೆಯ ಮೇಲೆ ಮಳೆಯ ಹಾಗೆ ಸದ್ದು ಮಾಡಿ ಬಿತ್ತು.

ಅಲ್ಲಿಂದ ಗುಡಿಯವರೆಗೆ ಒಂದು ಮನೆಯನ್ನೂ ಅವರು ಬಿಡಲಿಲ್ಲ. ಮೊದಲ ಒಂದೆರಡು ಕಡೆ ತಲೆ ತಗ್ಗಿಸಿ ನಿಂತರು. ಆಮೇಲೆ, ವೇಷ ಎಂದ ಮೇಲೆ ಸುಮ್ಮನೆ ನಿಂತರೆ ಹೇಗೆ ಎಂದು ತೋರಿತೋ ಏನೋ, ಒಂದು ಮನೆಯವರಿಗೆ ಕಾಗದ ಬಂದಿಲ್ಲ ಎಂದು ಗದರಿಸಿದರು. ಇನ್ನೊಂದು ಮನೆಯ ಜಗಲಿಯ ಹಂಚು ಎಣಿಸಿ, ಇದು ನಮ್ಮ ಕಾರ್ಖಾನೆಯದಲ್ಲ ಎಂದು ಮೂತಿ ತಿರುಗಿಸಿದರು. ತಾಸೆ ಬಡಿಯುವ ಇಬ್ಬರು, ಹುಲಿಗಳನ್ನು ಬಿಟ್ಟು ಇವರ ಹಿಂದೆ ಬಂದರು. ನಾನು ಅವರನ್ನು ಆ ರೀತಿ ನೋಡಿದ್ದು ಅದೇ ಮೊದಲು.

ಹೆಡ್ ಗುಮಾಸ್ತರ ಮನೆಯೂ ಬಂತು. ಅವರು ಆರಾಮಕುರ್ಚಿಯಿಂದ ಎದ್ದು ಕನ್ನಡಕ ಸರಿಮಾಡಿ, "ನೀವಾ ಮಾರಾಯ್ರೆ?" ಎಂದು ಕೇಳಿದರು.

"ಅಲ್ಲ ಸ್ವಾಮಿ," ಎಂದರು ಗಂಡ ಮೂಗಿನ ಸ್ವರದಲ್ಲಿ. "ನಾನು ವೇಷ."

ಹೆಡ್ ಗುಮಾಸ್ತರು ಅವರನ್ನು ಮೇಲಿನಿಂದ ಕೆಳಗೆ ನೋಡಿ, ಒಳಗಿನಿಂದ ಅಕ್ಕಿ ತರಿಸಿ ತಮ್ಮ ಕೈಯಿಂದಲೇ ಕೊಡೆಗೆ ಹಾಕಿದರು. ರಜೆ ಮುಗಿದ ಮೇಲೆ ಆಫೀಸಿನಲ್ಲಿ, ನಿಮ್ಮ ಹಾಗೆಯೇ ನಡೆದು ತೋರಿಸುವವ ಒಬ್ಬ ಊರಲ್ಲಿ ಉಂಟು, ಸ್ವಲ್ಪ ಎಚ್ಚರ ಎಂದರಂತೆ. ಗೊತ್ತಿದ್ದು ಹೇಳಿದರೋ ಗೊತ್ತಿಲ್ಲದೆಯೋ, ಗಂಡ ಕೇಳಲಿಲ್ಲ.

ಗುಡಿಯಲ್ಲಿ ಮಾಮಿ ಒಳಗೆ ಹೋಗಲು ಆತುರಪಡಲಿಲ್ಲ. ನಡೆಯ ಹತ್ತಿರ ಕಂಬಕ್ಕೆ ಒರಗಿ ನಿಂತು, ಮಗ ಅಂಗಳ ದಾಟಿ ಬರುವುದನ್ನು ಪೂರ ನೋಡಿದರು. ಕೊಡೆಯ ಭಾರಕ್ಕೆ ಅವರು ವಾಲಿ ವಾಲಿ ನಡೆಯುತ್ತಿದ್ದರು. ಅಕ್ಕಿ ಸುರಿದಾದ ಮೇಲೆ ಮಾಮಿ ದೇವಿಗೆ ಎಂತದೋ ಹೇಳಿದರು, ನಮಗೆ ಕೇಳಲಿಲ್ಲ. ಆಮೇಲೆ ಮಗನ ಹತ್ತಿರ, ವೇಷ ತೆಗಿ ಎಂದರು. ಮುಗಿದ ವೇಷವನ್ನು ಮೈಮೇಲೆ ಇಟ್ಟುಕೊಂಡು ಮನೆ ಹೊಗಬಾರದು. ಕೊಳದ ಬದಿಯಲ್ಲಿ ಬಣ್ಣದ ಹುಲಿಗಳು ಎಣ್ಣೆ ಹಚ್ಚಿ ಮೈ ತಿಕ್ಕುತ್ತಿದ್ದವು. ಅವುಗಳ ನಡುವೆ ಗಂಡ ಕೋಟು ಕಳಚಿ, ಮಡಚಿ, ನನ್ನ ಕೈಗೆ ಕೊಟ್ಟು ಕೈಕಾಲು ತೊಳೆದರು.

"ನಿಮ್ಮದು ಸುಲಭ," ಎಂದಿತು ಒಂದು ಹುಲಿ, ಬೆನ್ನು ತಿಕ್ಕಿಸಿಕೊಳ್ಳುತ್ತ. "ಬಣ್ಣ ಹೋಗುವ ರಗಳೆ ಇಲ್ಲ."

ಮನೆಗೆ ನಿಧಾನವಾಗಿ ನಡೆದು ಬಂದೆವು. ಅಷ್ಟು ನಿಂತದ್ದಕ್ಕೆ, ನಡೆದದ್ದಕ್ಕೆ ಮರುದಿನ ಬೆಳಿಗ್ಗೆ ಮಾಮಿಯ ಮೊಣಕಾಲು ಬಾತು ಹೋಗಿತ್ತು. ನಾನು ಹೆದರುತ್ತಲೇ, ಹೇಗೆ ಉಂಟು ಮಾಮಿ ಎಂದು ಕೇಳಿದೆ. ಅವರು ಸೀರೆ ಸರಿಸಿ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿದರು, ಬೇರೆ ಯಾರದೋ ಕಾಲನ್ನು ನೋಡುವವರ ಹಾಗೆ.

"ನೋವು ಉಂಟು," ಎಂದರು. "ಬರೀ ವಾತ. ಪ್ರಾಯ ಆಯಿತಲ್ಲ."

ಗಂಡ ಆಗ ಅಂಗಳ ದಾಟಿ ಬಾವಿಯ ಕಡೆ ಹೋಗುತ್ತಿದ್ದರು. ಆ ಹೆಜ್ಜೆಯ ಸದ್ದಿಗೆ ಮಾಮಿ ತಲೆ ಎತ್ತಲಿಲ್ಲ. ಎಣ್ಣೆ ಸ್ವಲ್ಪ ಬಿಸಿ ಮಾಡಿ ಕೊಡು ಎಂದು ನನಗೆ ಹೇಳಿದರು.