ಅಂಗೈ ಮೇಲಿನ ಹತ್ತು ನಿಮಿಷ

ಒಸಿ ತಾಳಿ. ನೆಟ್‌ವರ್ಕಿಂಗ್ ಪರೀಕ್ಷೆ ಹೇಗೆ ಪಾಸಾದೆ ಅಂತ ಕೇಳುವವರಿಗೆ ನಾನು ಇದುವರೆಗೆ ಹೇಳದ ಸಂಗತಿಯೊಂದಿದೆ. ಅದಕ್ಕೆ ಮೊದಲು ನನಗೆ ಕೆಲಸ ಕಲಿಸಿದವರ ಅಂಗೈ ನೋಡಬೇಕು.

ಎಡ ಅಂಗೈ, ಯಾವಾಗಲೂ ನೀಲಿ. ಬಾಲ್‌ಪೆನ್ನಿನಲ್ಲಿ ಬರೆದ ಸಮಯಗಳು ಬೆವರಿಗೆ ಕಲಸಿಕೊಂಡು ಮಣಿಕಟ್ಟಿನವರೆಗೂ ಇಳಿದಿರುತ್ತಿದ್ದವು.

ರಾಮನಗರದ ಹತ್ತಿರ ಹೈವೇ ಪಕ್ಕ ಹೊಸದಾಗಿ ಎದ್ದ ಫ್ಯಾಕ್ಟರಿಯಲ್ಲಿ ಅವರು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದರು. ನಾನು ಅಲ್ಲೇ ಕಂಟ್ರಾಕ್ಟಿನಲ್ಲಿ ಕೇಬಲ್ ಎಳೆಯುತ್ತಿದ್ದೆ. ನನ್ನದು ಬೈರಾಪಟ್ಟಣ, ಅವರದು ಅಕ್ಕೂರು. ಒಂದೇ ತಾಲ್ಲೂಕು ಅಂತ ಸಲಿಗೆ. ಅಣ್ಣ ಅನ್ನುತ್ತಿದ್ದೆ. ರೂಟರಿಗೆ ಕೊಡುವ ಕಮಾಂಡುಗಳನ್ನೆಲ್ಲ ಜೆರಾಕ್ಸ್ ಪುಸ್ತಕದಿಂದ ಬಾಯಿಪಾಠ ಮಾಡಿದ್ದೆ. ರೂಟರನ್ನು ಮಾತ್ರ ಮುಟ್ಟಿರಲಿಲ್ಲ.

"ಬಾಯ್ಪಾಠ ಮಾಡಕ್ಕೆ ಇದೇನ್ ಮಗ್ಗೀನೇನ್ಲಾ? ಬೆರಳ್ಗೆ ಬರ್ಬೇಕು" ಅಂದವರು ಊಟದ ಬಿಡುವಿನಲ್ಲಿ ಹಳೆಯ ರೂಟರೊಂದರ ಮುಂದೆ ಕೂರಿಸಿದರು.

ಗೋಡೌನಿನ ರೂಟರನ್ನು ಆಫೀಸಿನಿಂದಲೇ ತಿದ್ದಬೇಕಿತ್ತು. ಒಂದು ಸಾಲು ತಪ್ಪಿದರೆ ನಮ್ಮ ಸಂಪರ್ಕವೇ ಕಡಿದುಹೋಗುತ್ತದೆ. ಅದಕ್ಕೇ ಅವರು ಮೊದಲು 'ರೀಲೋಡ್ ಇನ್ ಟೆನ್' ಅಂತ ಹಾಕುತ್ತಿದ್ದರು. ಹತ್ತು ನಿಮಿಷಕ್ಕೆ ರೂಟರ್ ತಾನೇ ಆಫ್ ಆಗಿ, ಹಳೆಯ ಸ್ಥಿತಿಯಲ್ಲಿ ಎದ್ದು ಬರುತ್ತದೆ. ಕೆಲಸ ಸರಿಹೋದರೆ ಅಷ್ಟರೊಳಗೆ ಅದನ್ನು ಕ್ಯಾನ್ಸಲ್ ಮಾಡಬೇಕು. ಆ ಗಡುವೇ ಅಂಗೈ ಮೇಲೆ.

"ನಂಗೆ ಮರೆವು ಅಂತಲ್ಲ ಕಣ್ಲಾ. ಸರಿಹೋಯ್ತು ಅನ್ನೋ ಖುಷೀಲೇ ಜನ ಮರ್ತ್ಬುಡೋದು."

ಪರೀಕ್ಷೆಗೆ ಎರಡು ವಾರವಿದ್ದಾಗ ಗೋಡೌನಿನ ರೂಟರನ್ನೇ ನನ್ನ ಕೈಗೆ ಕೊಟ್ಟರು. ಕಂಟ್ರಾಕ್ಟಿನವರು ಅದನ್ನು ಮುಟ್ಟುವಂತಿರಲಿಲ್ಲ. ಹತ್ತು ನಿಮಿಷ ಹಾಕಿ ಬದಲಾವಣೆ ಟೈಪ್ ಮಾಡಿದೆ. ಸರಿಹೋಯಿತು. ಅಷ್ಟರಲ್ಲಿ ಯಾರೋ ಅವರನ್ನು ಕರೆದರು. "ಕ್ಯಾನ್ಸಲ್ ಮಾಡ್ಬುಡು" ಅಂತ ಹೋದರು. ಹೂಂ ಅಂದೆ. ಅಂದವನು ಸೀದಾ ಕ್ಯಾಂಟೀನಿಗೆ ಓಡಿ, "ಇವತ್ತು ನಿಜವಾದ್ದೇ ಮುಟ್ದೆ ಕಣ್ರಲಾ" ಅಂತ ಗೆಳೆಯರೆದುರು ಕೊಚ್ಚಿಕೊಳ್ಳುತ್ತಿದ್ದೆ.

ಹತ್ತು ನಿಮಿಷಕ್ಕೆ ಸರಿಯಾಗಿ ರೂಟರ್ ಆಫ್ ಆಯಿತು. ಸರಕಿನ ಲೆಕ್ಕ ಹಿಡಿಯುವ ಗೋಡೌನಿನ ಸ್ಕ್ಯಾನರುಗಳೆಲ್ಲ ಸತ್ತವು. ಅದು ಎದ್ದು ಬಂದು ಎಲ್ಲ ಸರಿಹೋಗುವಷ್ಟರಲ್ಲಿ ಲಾರಿಗಳು ಗೇಟಿನಾಚೆಗೂ ಸಾಲುಗಟ್ಟಿದ್ದವು.

ಮ್ಯಾನೇಜರ್ ಯಾರು ಮಾಡಿದ್ದು ಅಂದಾಗ ಅಣ್ಣ ನನ್ನ ಕಡೆ ನೋಡಲೂ ಇಲ್ಲ. "ನಾನೇ ಸಾರ್. ಕ್ಯಾನ್ಸಲ್ ಮಾಡೋದು ಮರ್ತೋಯ್ತು."

ಹೊರಗೆ ಬಂದ ಮೇಲೆ, ನಿಜ ಹೇಳಿಬಿಡುತ್ತೇನೆ ಅಂದೆ.

"ಇಬ್ರೂ ಮನೇಗೋಗಾನಾ? ಪರೀಕ್ಷೆ ಮುಗೀಲಿ. ಆಮೇಲ್ ಹೇಳೀವಂತೆ."

ಆ ತಿಂಗಳೇ ಅವರನ್ನು ಕೆಲಸದಿಂದ ತೆಗೆದರು.

ಪರೀಕ್ಷೆ ಪಾಸಾದೆ. ಅವರ ಕುರ್ಚಿ ನನಗೇ ಸಿಕ್ಕಿತು. ಎಷ್ಟೋ ಸಲ ಮ್ಯಾನೇಜರ್ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದೇನೆ. ಗೋಡೌನ್ ನಿಲ್ಲಿಸಿದವನು ಅನ್ನುವ ಮಾತು ಅಣ್ಣನಿಗಿಂತ ಮೊದಲೇ ಬೇರೆ ಫ್ಯಾಕ್ಟರಿಗಳಿಗೆ ಹೋಗಿತ್ತು. ಯಾರೂ ಕೆಲಸ ಕೊಡಲಿಲ್ಲ. ಅಕ್ಕೂರಿನಲ್ಲಿ ಅವರಿವರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರು. ನೋಡಲು ಹೋದಾಗ, ಹೇಳಿದೆಯಾ ಅಂತ ಕೇಳಲಿಲ್ಲ. "ಗೋಡೌನ್ ರೂಟರ್ ಚೆಂದಾಗೈತಾ?" ಅಂದರು, ಅಷ್ಟೆ.

ಮರುವರ್ಷ ಕಾಮಾಲೆಯಲ್ಲಿ ತೀರಿಕೊಂಡರು.

ಅಂಗಳದಲ್ಲಿ ಮಲಗಿಸಿದ್ದರು. ಎಡ ಅಂಗೈಯಲ್ಲಿ ಒಂದು ಚುಕ್ಕೆ ಶಾಯಿಯೂ ಇರಲಿಲ್ಲ. ಅತ್ತಿಗೆ ನನ್ನನ್ನು ಕಂಡು ಕೈ ಹಿಡಿದುಕೊಂಡರು. "ಆವತ್ತು ನೀನಿದ್ಯಲ್ಲಪ್ಪ ಅಲ್ಲಿ. ಒಲೆ ಮ್ಯಾಲೆ ಹಾಲಿಟ್ರೂ ಟೈಮ್ ಬರ್ಕೊಳ್ಳೋರು ಇವ್ರು. ಅಂಗ್ ಮರೆಯೋರಾ? ನೀನಾದ್ರೂ ಹೇಳು."

ಸುತ್ತ ಜನವಿದ್ದರು. ನಾನು ಕೈ ಬಿಡಿಸಿಕೊಂಡು ಚಟ್ಟ ಕಟ್ಟುವವರ ಜೊತೆ ಸೇರಿಕೊಂಡೆ.

ಅಲ್ಲಿ ಹೇಳದ್ದನ್ನು ಈಗ ಬರೆಯುತ್ತಿದ್ದೇನೆ. ಇಲ್ಲ ಅತ್ತಿಗೆ, ಅವರು ಮರೆಯಲಿಲ್ಲ. ಮರೆತವನು ನಾನು.

ಓದಿದವರಲ್ಲಿ ಯಾರಾದರೂ ಹೀಗೆ ತಮ್ಮ ತಪ್ಪನ್ನು ಬೇರೆಯವರ ಹೆಸರಲ್ಲಿ ಬಿಟ್ಟಿದ್ದರೆ, ಅದನ್ನು ಕೊನೆಗೆ ಯಾರ ಮುಂದೆ, ಹೇಗೆ ಹೇಳಿದಿರಿ, ನನಗೆ ಬರೆದು ತಿಳಿಸಿ.