ನಾನಿರುವಾಗಲೇ ಕೇಳಿಬಂದ ಅಳು

ನನ್ನ ಹೆಂಡತಿ ನನ್ನ ಮೇಲೆ ಹಾಡಿಕೊಂಡು ಅಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಈ ಭಾಗ್ಯ ಎಲ್ಲ ಗಂಡಂದಿರಿಗೂ ಸಿಗುವುದಿಲ್ಲ. ಹೆಂಡತಿ ಅಳುವ ಹೊತ್ತಿಗೆ ಪಾಪ, ಅವರಿಗೆ ಕಿವಿ ಕೇಳುತ್ತಿರುವುದಿಲ್ಲ. ನನಗದು ಸಿಕ್ಕಿದ್ದು ನಿನ್ನೆ ಶನಿವಾರ ಮಧ್ಯಾಹ್ನ, ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ಮುಖದ ಮೇಲೆ ಪೇಪರ್ ಹಾಕಿಕೊಂಡು ಅಡ್ಡಾಗಿದ್ದಾಗ. ಅತ್ತದ್ದು ಮಾತ್ರ ಹೆಂಡತಿಯಲ್ಲ, ಆಕೆಯ ದನಿಯನ್ನು ಕಲಿತ ಯಂತ್ರ.

ಇದಕ್ಕೆ ಮೂಲ ಕಾರಣ ನನ್ನ ಬಾಯಿಚಪಲವೇ. ನನ್ನ ಹೆಂಡತಿ ಶರಣಮ್ಮ ಬೋನಾಳದ ಶಾಲೆಯಲ್ಲಿ ಟೀಚರ್. ಆಕೆ ಹಾಜರಿ ಕೂಗಿದರೆ ಅಲ್ಲಿನ ಕೆರೆಯ ಹಕ್ಕಿಗಳೆಲ್ಲ ಎದ್ದು ಹಾರುತ್ತವೆ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಆ ಮಾತು ಹೇಗೋ ಬೆಂಗಳೂರಿನ ಒಂದು ವಿಡಿಯೊ ಗೇಮ್ ಸ್ಟುಡಿಯೊದವರ ಕಿವಿಗೆ ಬಿತ್ತು. ಅವರು ನಮ್ಮೂರಿನಂಥದೇ ಒಂದು ಕೋಟೆಯೂರನ್ನು ಇಟ್ಟುಕೊಂಡು ಆಟ ಮಾಡುತ್ತಿದ್ದರು. ಅದರಲ್ಲಿ ಬಾವಿಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸುವ ಒಬ್ಬ ಮುದುಕಿಗೆ ನಮ್ಮ ಕಡೆಯ ದನಿ ಬೇಕಾಗಿತ್ತು. ಮೇಘನಾ ಎಂಬ ಹುಡುಗಿ ಮೈಕು ಹಿಡಿದು ಬಂದಳು. ಹೊರಗಿನ ಸದ್ದು ಬರದಂತೆ, ಸಾಮಾನು ತುಂಬಿಡುವ ನಮ್ಮ ಅಡಕಲ ಕೋಣೆಯ ಗೋಡೆಗೆಲ್ಲ ಹೊದೆಯುವ ಕೌದಿ ತೂಗಿಬಿಟ್ಟು, ಶರಣಮ್ಮನನ್ನು ಒಳಗೆ ಕೂಡಿಸಿ, "ಉಂಡೀಯೇನೋ ಯಪ್ಪಾ, ಮುಖ ಬಾಡೇದ" ಎಂಬುದನ್ನು ಹತ್ತು ಬಗೆಯಲ್ಲಿ ಹೇಳಿಸಿಕೊಂಡಳು. ಹೆಂಡತಿ ನನ್ನನ್ನು ಮಾತ್ರ ಒಂದೇ ಬಗೆಯಲ್ಲಿ ಕೇಳುತ್ತಾಳಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆದರೆ ಶರಣಮ್ಮ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. ಟಿವಿಯಲ್ಲಿ ನಮ್ಮ ಮಾತು ಬಂದರೆ ನಗಿಸುವುದಕ್ಕೇ ಬರುತ್ತದೆ, ಇಲ್ಲಿ ನಮ್ಮ ಮಾತಿನ ಮುದುಕಿ ಊರಿಗೇ ಹಿರಿಯಳು ಎಂದು ಆಕೆ ಶಾಲೆಯಲ್ಲೆಲ್ಲ ಹೇಳಿದ್ದಳು.

ಚಹಾ ಕುಡಿಯುತ್ತ ಮೇಘನಾ ತಮ್ಮ ಕಸುಬಿನ ಸುದ್ದಿ ಹೇಳಿದಳು. ಮೊದಲು ಆಟದ ಒಂದೊಂದು ಕಲ್ಲಿನ ಚಿತ್ರವನ್ನೂ ಮನುಷ್ಯರೇ ಕೂತು ಬರೆಯಬೇಕಿತ್ತಂತೆ. ಈಗ ಶಹಾಪುರದಲ್ಲಿರುವಂಥ, ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟ ಬೇಕು ಎಂದರೆ ಕೃತಕ ಬುದ್ಧಿ ಹತ್ತಾರು ಬೆಟ್ಟ ತಂದು ಮುಂದಿಡುತ್ತದೆ. ಒಂದರಲ್ಲಿ ಬುದ್ಧನ ತಲೆಯ ಕೆಳಗೆ ದಿಂಬೂ ಇತ್ತಂತೆ. ಅದನ್ನು ತೆಗೆಯಲು ಮತ್ತೆ ಮನುಷ್ಯನೇ ಬೇಕಾದ. ತಯಾರಾದ ಆಟವನ್ನು ಆಡಿ ನೋಡುವುದಕ್ಕೂ ಯಂತ್ರವೇ. ಅದು ಹಗಲೂ ರಾತ್ರಿ ಕೋಟೆಯ ಗೋಡೆಗಳಿಗೆ ಹೋಗಿ ಹಾಯುತ್ತದೆ, ಎಲ್ಲಾದರೂ ತೂರಿ ಆಚೆ ಬಿದ್ದರೆ ಅಲ್ಲಿ ತಪ್ಪಿದೆ ಎಂದು ಗುರುತು ಮಾಡುತ್ತದೆ. ತಾಲ್ಲೂಕು ಕಚೇರಿಯಲ್ಲಿ ನಾನು ನಿವೃತ್ತಿಯವರೆಗೆ ಮಾಡಿದ್ದೂ ಇದನ್ನೇ. ಆದರೆ ನಾನು ಒಮ್ಮೆಯೂ ಆಚೆ ಬೀಳಲಿಲ್ಲ.

ಎರಡನೆಯ ದಿನ ಮೇಘನಾ ಒಂದು ಅಳು ಕೇಳಿದಳು. ಆಟದಲ್ಲಿ ಮುದುಕಿಯ ಗಂಡ ಸಾಯುತ್ತಾನೆ, ಆಕೆ ಹೆಣದ ಮುಂದೆ ಕೂತು ಅಳಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರ ಮುಂದೆ ಬರಿದೆ ಅಳುವುದಿಲ್ಲ. ಹೋದವರ ಗುಣ, ಹಟ, ಆಡಿದ ಜಗಳ ಎಲ್ಲವನ್ನೂ ರಾಗವಾಗಿ ಎತ್ತಿ ಆಡಿ ಅಳುತ್ತಾರೆ. ಶರಣಮ್ಮ ತನ್ನ ತಾಯಿ ತೀರಿದಾಗ, ಬಸ್ಸಿಳಿದು ಬಂದರೆ ಇನ್ನು ನನ್ನ ಚೀಲ ಯಾರು ಇಸಿದುಕೊಳ್ಳುತ್ತಾರೆ ಎಂದು ಅತ್ತದ್ದನ್ನು ಆಕೆಯ ತವರೂರು ಬಳಿಚಕ್ರದಲ್ಲಿ ಇನ್ನೂ ನೆನೆಯುತ್ತಾರೆ. ಆದರೆ ಎಲ್ಲರೂ ಚೆನ್ನಾಗಿರುವ ಮನೆಯಲ್ಲಿ ಆ ರಾಗ ಎತ್ತುವಂತಿಲ್ಲ. ಎತ್ತಿದರೆ ಸಾವನ್ನು ಕರೆದು ಕೂಡಿಸಿದಂತೆ. ಶರಣಮ್ಮ ಆಗುವುದಿಲ್ಲ ಎಂದಳು. ಮೇಘನಾ ಒತ್ತಾಯ ಮಾಡದೆ, ಆಗಲೇ ಹೇಳಿಸಿಕೊಂಡಿದ್ದ ಮಾತುಗಳಿಂದ ಯಂತ್ರವೇ ಆ ದನಿ ಮಾಡಿಕೊಳ್ಳುತ್ತದೆ, ಕಳಿಸುತ್ತೇನೆ, ಒಪ್ಪಿದರೆ ಮಾತ್ರ ಹಾಕುತ್ತೇವೆ ಎಂದು ಹೇಳಿ ಹೋದಳು. ಪಾಪ, ಸುಳ್ಳು ಹೇಳುವ ಹುಡುಗಿಯಲ್ಲ.

ಅದಾದ ಮೇಲೆ ನನ್ನ ಎದೆ ನೋಯತೊಡಗಿತು. ಮೆಟ್ಟಿಲು ಹತ್ತಿದರೆ ಹಿಡಿದಂತಾಗುತ್ತಿತ್ತು. ಸುರಪುರದ ಡಾಕ್ಟರು ಯಾದಗಿರಿಗೆ ಕಳಿಸಿದರು, ಯಾದಗಿರಿಯವರು ಕಲಬುರಗಿಗೆ ಬರೆದುಕೊಟ್ಟರು. ಸೋಮವಾರ ಹೃದಯದ ನಾಳಗಳನ್ನು ನೋಡುತ್ತಾರೆ ಎಂದು ಗೊತ್ತಾಯಿತು. ಆ ವಾರವೆಲ್ಲ ಮನೆಯಲ್ಲಿ ಸೋಮವಾರ ಎಂಬ ಶಬ್ದವನ್ನು ಇಬ್ಬರೂ ಆಡಲಿಲ್ಲ. ಭಾನುವಾರದ ಮರುದಿನ ಎನ್ನುತ್ತಿದ್ದೆವು. ನನಗೆ ಭಯವಾಗಿತ್ತು. ಆಕೆಗೂ ಆಗಿತ್ತು. ಅದನ್ನು ಒಬ್ಬರಿಗೊಬ್ಬರು ಕಾಣಗೊಡದಂತೆ ನಾನು ಹೆಚ್ಚು ತಮಾಷೆ, ಚಾಷ್ಟಿ ಮಾಡುತ್ತಿದ್ದೆ, ಆಕೆ ಹೆಚ್ಚು ಬೈಯುತ್ತಿದ್ದಳು.

ಶನಿವಾರ ಶಾಲೆ ಅರ್ಧ ದಿನ. ಶರಣಮ್ಮ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಮೊಬೈಲಿಗೆ ಮೇಘನಾಳ ಫೈಲು ಬಂತು. ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಆಕೆ ಒಳಗೆ ಕೂತು ಅದನ್ನು ಒತ್ತಿದಳು. ವಚನ ಕೇಳಲೆಂದು ಪಡಸಾಲೆಯಲ್ಲಿ ನಾನಿಟ್ಟುಕೊಂಡಿರುವ ಸ್ಪೀಕರಿಗೆ ಆ ಮೊಬೈಲು ತಾನಾಗಿಯೇ ಜೋಡಿಕೊಳ್ಳುತ್ತದೆ ಎಂಬುದು ಇಬ್ಬರಿಗೂ ಮರೆತಿತ್ತು.

ಅಳು ನನ್ನ ತಲೆದಿಂಬಿನ ಹತ್ತಿರದಿಂದಲೇ ಎದ್ದಿತು. ಶರಣಮ್ಮನದೇ ದನಿ, ಕೊನೆಗೆ ಮೂಗಿನಲ್ಲಿ ಸ್ವಲ್ಪ ಒಡೆಯುವುದೂ ಆಕೆಯದೇ. ಹುಲಿಯಂಥ ಗಂಡನೇ, ಕೋಟೆ ಕಾಯ್ದ ಗಂಡನೇ ಎಂದು ಅದು ಕರೆಯುತ್ತಿತ್ತು. ನಾನು ಹಲ್ಲಿಗೆ ಹೆದರುವ ಮನುಷ್ಯ. ಅದು ನನ್ನನ್ನಲ್ಲ ಎಂದು ಗೊತ್ತಿದ್ದೂ ಪೇಪರಿನ ಕೆಳಗೆ ಹಾಗೇ ಬಿದ್ದಿದ್ದೆ.

ಮೊದಲು ಓಡಿ ಬಂದವಳು ಪಕ್ಕದ ಮನೆಯ ನೀಲಮ್ಮ. ಆಕೆಯ ಹಿಂದೆ ಅರ್ಧ ಓಣಿ ಬಂತು. ಬಾಗಿಲಿಗೆ ಬಂದವರಿಗೆ ಕಂಡದ್ದು ಹೊರಸಿನ ಮೇಲೆ ಉದ್ದಕ್ಕೆ ಮಲಗಿದ ನಾನು, ನನ್ನ ಮುಖದ ಮೇಲಿನ ಮುಸುಕು. ನೀಲಮ್ಮ ನನ್ನ ಕಾಲ ಹತ್ತಿರ ಕುಸಿದು ಕೂತು ತಾನೂ ರಾಗ ತೆಗೆದಳು. ನಾನು ಪೇಪರ್ ಸರಿಸಿ ಎದ್ದು ಕೂತೆ. ಆಕೆ ಚೀರಿದ ರೀತಿ ನೋಡಿದರೆ, ನಾನು ಸತ್ತಿದ್ದಕ್ಕಿಂತ ಎದ್ದಿದ್ದೇ ಆಕೆಗೆ ಹೆಚ್ಚು ಕಷ್ಟವಾದಂತಿತ್ತು.

ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಂದು ಸಂಗತಿ ನನ್ನನ್ನು ಚುಚ್ಚುತ್ತಲೇ ಇತ್ತು. ಅಷ್ಟು ಜನ ಬಂದರು, ಒಬ್ಬರೂ ಹೇಗಾಯಿತು ಎಂದು ಕೇಳಲಿಲ್ಲ. ಅಳು ಕೇಳಿದ ಕೂಡಲೇ ನಂಬಿಬಿಟ್ಟಿದ್ದರು. ನನ್ನ ಎದೆಯ ಸುದ್ದಿ ನನಗಿಂತ ಮೊದಲೇ ಓಣಿಗೆ ತಿಳಿದಿತ್ತು.

ಶರಣಮ್ಮ ನಗಲಿಲ್ಲ. ಎಲ್ಲರೂ ಇರುವಾಗಲೇ ಅಡುಗೆಮನೆಗೆ ಹೋಗಿ ಗ್ಯಾಸು ಹಚ್ಚಿ ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ಇಟ್ಟಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಇದು ಅಂಥ ಮನೆಯಲ್ಲ ಎಂದು ಓಣಿಗೆಲ್ಲ ಕಾಣಲಿ ಎಂಬುದೇ ಆ ಚಹಾದ ಉದ್ದೇಶ. ಎಲ್ಲರೂ ಕುಡಿದು ಹೋದ ಮೇಲೆ ಮೇಘನಾಳಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ, ಆ ಅಳು ಬೇಡ ಎಂದಳು.

ಮೇಘನಾಳ ಉತ್ತರ ಮೆತ್ತಗೇ ಇತ್ತು. ಆ ದೃಶ್ಯಕ್ಕೆ ಅಳು ಬೇಕೇ ಬೇಕು. ಒಬ್ಬಳೇ ಮುದುಕಿಗೆ ಎರಡು ದನಿ ಇರಲಾಗದು. ಅಳು ಬೇಡವೆಂದರೆ ಬಾವಿಕಟ್ಟೆಯ ಮಾತುಗಳನ್ನೂ ತೆಗೆದು ಎಲ್ಲಕ್ಕೂ ಬೇರೆ ದನಿ ಹಾಕಬೇಕಾಗುತ್ತದೆ ಎಂದಳು. ನಾನು ಕೈಸನ್ನೆ ಮಾಡಿ ಹೂಂ ಅನ್ನು ಎಂದೆ. ಆ ಮುದುಕಿ ಆಕೆಗೆ ಎಷ್ಟು ಬೇಕಾಗಿದ್ದಾಳೆಂದು ನನಗೆ ಗೊತ್ತಿತ್ತು. ಅದೂ ಅಲ್ಲದೆ, ಒಂದು ಶಬ್ದಕ್ಕೆ ಹೆದರಿದೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗಿತ್ತು.

"ಮೇಡಂ, ಅದು ಬರೀ ಸೌಂಡ್ ಅಷ್ಟೇ. ನಿಜವಾಗಿ ಯಾರೂ ಸತ್ತಿಲ್ವಲ್ಲ" ಎಂದಳು ಮೇಘನಾ.

"ಯಾರೂ ಸತ್ತಿಲ್ಲವ್ವಾ. ಅದಕ್ಕೇ ಬ್ಯಾಡ ಅನ್ನಾಕತ್ತೇನಿ" ಎಂದಳು ಶರಣಮ್ಮ.

ಮೇಘನಾ ಸರಿ ಎಂದಳು. ಸಂಜೆಗೆ ಸಂದೇಶ ಬಂತು. ಮುದುಕಿಗೆ ಬೇರೆ ದನಿ ಹಾಕುತ್ತಾರೆ, ಶರಣಮ್ಮನ ದನಿಯನ್ನೂ ಅದರಿಂದ ಮಾಡಿದ ಅಳುವನ್ನೂ ಅಳಿಸಿಹಾಕಿದ್ದಾರೆ. ಅದನ್ನು ಓದಿ ಆಕೆ ಮೊಬೈಲನ್ನು ಕವುಚಿಟ್ಟಳು. ಬೇಸರವಾಯಿತೇನು ಎಂದು ಕೇಳಿದೆ. ಹೌದು, ಭಾಳ ಆಗೇದ ಎಂದಳು. ಸುಳ್ಳಾಡಲಿಲ್ಲ.

ನಾನೇ ಕಾರಣನಾದೆನಲ್ಲ ಎಂಬ ಸಂಕಟಕ್ಕೆ ಏನಾದರೊಂದು ಆಡಬೇಕಾಗಿತ್ತು. ಚಾಷ್ಟಿ ಎಂದುಕೊಂಡೇ ಬಾಯಿ ತೆರೆದೆ, ಬಂದದ್ದು ಚಾಷ್ಟಿಯಾಗಿರಲಿಲ್ಲ.

"ನಾ ಹೋದ್ರ ನೀ ಏನಂತ ಹಾಡಿಕೊಂಡು ಅಳ್ತಿ?"

ಆಕೆ ಕವುಚಿಟ್ಟ ಮೊಬೈಲನ್ನು ಆಚೆ ಸರಿಸಿದಳು.

"ಅದು ನನಗ ಬರಂಗಿಲ್ರಿ. ಕಲಿಯೂದೂ ಇಲ್ಲ. ಸೋಮವಾರ ಹೋಗಿ ಬರೂಣು."

ಯಂತ್ರಕ್ಕೆ ನಿಮಿಷದಲ್ಲಿ ಬಂದ ವಿದ್ಯೆ, ನನ್ನ ಕೂಡ ಇಷ್ಟು ವರ್ಷ ಬಾಳಿದವಳಿಗೆ ಬರುವುದಿಲ್ಲವಂತೆ. ನಾಳೆ ಕಲಬುರಗಿಯ ಆಸ್ಪತ್ರೆಯಲ್ಲಿ ಎದೆಯನ್ನು ಅವರು ಹೇಗಾದರೂ ನೋಡಿಕೊಳ್ಳಲಿ. ಹೆಂಡತಿಗೆ ಏನೋ ಒಂದು ಬರುವುದಿಲ್ಲ ಎಂದು ತಿಳಿದು ನನಗೆ ಇಷ್ಟೊಂದು ಧೈರ್ಯ ಬಂದದ್ದು ಇದೇ ಮೊದಲು.