ಹೆಂಚಿಳಿಸಿದ ಮನೆ

"ಇವನು ಬಿ.ಎ. ಪಾಸಾಗೋದೂ ಇಲ್ಲ, ಆ ಮನೆ ಸೋರೋದು ನಿಲ್ಲೋದೂ ಇಲ್ಲ" ಎಂದು ಊರಿಗೆಲ್ಲ ಕೇಳುವಂತೆ ಹೇಳಿದವರು ನಮ್ಮ ದೊಡ್ಡಪ್ಪ ಮುನಿವೆಂಕಟಪ್ಪನವರು. ಮೊದಲನೆಯದನ್ನು ನಾನು ಎಪ್ಪತ್ತೆಂಟರಲ್ಲಿ ಸುಳ್ಳು ಮಾಡಿದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವರಲ್ಲಿ ನಾನೇ ಮೊದಲಿಗ. ಹಾಗಾಗಿ ಪಾಸಾದ ಸುದ್ದಿಯನ್ನು ಕೇಳದವರಿಗೂ ಹೇಳಿಕೊಂಡು ತಿರುಗಿದೆ. ಎರಡನೆಯದು ಉಳಿದಿತ್ತು.

ಸೋರುವ ಮನೆಯಲ್ಲಿ ಓದಿದ್ದರೆ ನಿಮಗೂ ಗೊತ್ತಿರುತ್ತದೆ, ನೀರಿನಷ್ಟು ನಿಷ್ಠುರ ಪರೀಕ್ಷಕ ಇನ್ನೊಬ್ಬನಿಲ್ಲ. ನಾವು ಎಲ್ಲಿ ಓದಿಲ್ಲವೋ ಅಲ್ಲಿಂದಲೇ ಪ್ರಶ್ನೆ ಕೇಳುತ್ತದೆ. ನಮ್ಮ ನಾಡಹೆಂಚಿನ ಮನೆ ಪ್ರತಿ ಮಳೆಗೂ ಹೊಸ ಜಾಗದಲ್ಲಿ ತೊಟ್ಟಿಕ್ಕುತ್ತಿತ್ತು. ಅಮ್ಮ ಇರುವತನಕ ಪಾತ್ರೆ ಇಡುವ ಕೆಲಸ ಅವಳದು, ಚಾಪೆ ಎಳೆಯುವ ಕೆಲಸ ನನ್ನದು. ಅವಳು ಹೋದಮೇಲೆ ಎರಡೂ ನನ್ನವೇ. ಒಬ್ಬನೇ ಇರುವ ಮನೆಯಲ್ಲಿ ಹನಿ ಬೀಳುವ ಸದ್ದು ಸ್ವಲ್ಪ ಜಾಸ್ತಿಯೇ ಕೇಳುತ್ತದೆ.

ಕಡೆಗೆ ಹೆಂಚಿಳಿಸಿ ಕಲ್ಲುಚಪ್ಪಡಿ ಹೊದಿಸುವುದೆಂದು ತೀರ್ಮಾನಿಸಿದೆ. ನಮ್ಮ ಮುಳಬಾಗಿಲು ಸೀಮೆಯಲ್ಲಿ ಏನಿಲ್ಲದಿದ್ದರೂ ಕಲ್ಲಿದೆ. ಹೆಂಚಿಳಿಸುವ ಮುಂಚೆ ಸಾಮಾನನ್ನು ನಂಟರ ಮನೆಗಳಿಗೆ ಹಂಚುವುದು ನಮ್ಮಲ್ಲಿ ರೂಢಿ. ರಾಗಿ ಒಂದು ಮನೆಗೆ, ರೇಷ್ಮೆಹುಳುವಿನ ತಟ್ಟೆ ಇನ್ನೊಂದಕ್ಕೆ ಹೋದವು. ನನ್ನ ಪದವಿಪತ್ರವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹದಿನೈದು ದಿನದಲ್ಲಿ ಕೋಲಾರದಲ್ಲಿ ಗುಮಾಸ್ತೆ ಕೆಲಸಕ್ಕೆ ಸಂದರ್ಶನವಿತ್ತು. ಅಸಲು ಕಾಗದ ತೋರಿಸದಿದ್ದರೆ ಕೆಲಸವಿಲ್ಲ.

"ಅದಕ್ಕೇನಾದ್ರೂ ಆದ್ರೆ ನಮ್ಮನ್ನ ಊರಲ್ಲಿ ಬಾಳೋಕೆ ಬಿಡ್ತೀಯೇನಪ್ಪಾ?" ಎಂದಳು ಪಕ್ಕದ ಮನೆಯ ಅತ್ತೆ. ಅದನ್ನು ಅಷ್ಟು ಮೆರೆಸಿದ್ದೆ ನಾನು. ಉಳಿದದ್ದು ದೊಡ್ಡಪ್ಪನ ಮನೆಯೊಂದೇ. ಅಲ್ಲಿ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು.

ಮೂರನೆಯ ದಿನ ಮಧ್ಯಾಹ್ನ, ಅರ್ಧ ಚಪ್ಪಡಿ ಕೂತಿರುವಾಗ, ಆವನಿ ಬೆಟ್ಟದ ಕಡೆಯಿಂದ ಮೋಡ ಬಂತು. ನನ್ನ ಪುಸ್ತಕದ ಟ್ರಂಕನ್ನು ಯಾರಿಗೂ ಒಪ್ಪಿಸದೆ ಒಳಗೇ ಇಟ್ಟುಕೊಂಡಿದ್ದೆ. ಇದ್ದೊಂದು ಟಾರ್ಪಾಲನ್ನು ಅದಕ್ಕೆ ಸುತ್ತತೊಡಗಿದೆ.

ಮೇಲಿಂದ ಮೇಸ್ತ್ರಿ ಕೂಗಿದ: "ಸಾರೂ, ಪುಸ್ತಕ ನೆನೆದ್ರೆ ಇನ್ನೊಂದು ಸಿಗ್ತದೆ. ಗೋಡೆ ತಲೆ ನೆನೆದ್ರೆ ಮನೇನೇ ಕೂತ್ಬಿಡ್ತದೆ. ಕೊಡಿ ಅದನ್ನ ಇಲ್ಲಿ."

ಮಣ್ಣಿನ ಗೋಡೆ ಮೈಮೇಲೆ ಬೀಳುವ ಮಳೆಯನ್ನು ಹೇಗೋ ತಡೆದುಕೊಳ್ಳುತ್ತದೆ. ನೆತ್ತಿಯಿಂದ ಇಳಿಯುವ ನೀರನ್ನು ತಡೆಯಲಾರದು. ಟ್ರಂಕಿನೊಳಗಿನ ಯಾವ ಪುಸ್ತಕದಲ್ಲೂ ಈ ಪಾಠವಿರಲಿಲ್ಲ. ಟಾರ್ಪಾಲು ಕೊಟ್ಟೆ, ಒಂದು ಗೋಡೆಗೇ ಮುಗಿಯಿತು. ಅಷ್ಟರಲ್ಲಿ ರಾಗಿಹುಲ್ಲಿನ ಹೊರೆ ಹೊತ್ತು ದೊಡ್ಡಪ್ಪ ಓಡಿಬಂದರು. "ಏನ್ಲಾ ಬಿ.ಎ., ನೋಡ್ತಾ ನಿಂತಿದೀಯಲ್ಲೋ, ಏಣಿ ಹಿಡ್ಕೋ" ಎಂದವರೇ ಹತ್ತಿ, ಉಳಿದ ಗೋಡೆಗಳ ತಲೆಗೆ ಹುಲ್ಲು ಹೊದಿಸಿ ಕಲ್ಲು ಹೇರಿದರು. ಪುಸ್ತಕಗಳು ನೆನೆದವು. ಗೋಡೆ ನಿಂತಿತು.

ಆಮೇಲೆ ಉಳಿದ ಚಪ್ಪಡಿ ಕೂರಿಸಿ, ಸಂದುಗಳಿಗೆ ಕಲ್ಲುಚೆಕ್ಕೆ ಬಡಿದು, ಬೆಲ್ಲದ ನೀರು ಬೆರೆಸಿದ ಸುಣ್ಣದ ಗಾರೆ ತುಂಬಿದರು. ವಾರ ಒಣಗಿದ ಮೇಲೆ ಮಾಳಿಗೆಯ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು. ದೊಡ್ಡಪ್ಪ ಒಳಗೆ ಗೋಡೆಗೊರಗಿ ಸಂಜೆಯತನಕ ಮೇಲಕ್ಕೇ ನೋಡುತ್ತಾ ಕೂತರು. ಒಂದು ಹನಿಯೂ ಇಳಿಯಲಿಲ್ಲ. "ಸೋರಲ್ಲ ಕಣೋ" ಎಂದು ಎದ್ದರು, ಏನೋ ಕಳಕೊಂಡವರ ಹಾಗೆ.

ಗೆದ್ದೆನೆಂದು ಹಿಗ್ಗಬೇಕಿತ್ತು. ಆದರೆ ಅವರು ಹೋದಮೇಲೆ, ಒಣಗಿದ ಆ ಮನೆಯಲ್ಲಿ "ನೋಡು" ಎಂದು ತೋರಿಸಲು ಯಾರೂ ಇರಲಿಲ್ಲ.

ಸಂದರ್ಶನದ ಬೆಳಗ್ಗೆ ಪದವಿಪತ್ರ ತರಲು ಹೋದೆ. ದೊಡ್ಡಮ್ಮ ಅದನ್ನು ದೇವರ ಗೂಡಿನಿಂದ ತೆಗೆದಳು. ನೀರು ಸೋಕಿರಲಿಲ್ಲ. ಆದರೆ ಲಗ್ನಪತ್ರಿಕೆಗೆ ಹಚ್ಚುವಂತೆ ನಾಲ್ಕು ಮೂಲೆಗೂ ದಪ್ಪಗೆ ಅರಿಶಿನ ಹಚ್ಚಿದ್ದಳು.

"ಇದೇನ್ ಮಾಡಿದೆ ದೊಡ್ಡಮ್ಮಾ? ಆಫೀಸಲ್ಲಿ ಏನಂತಾರೆ?"

ಅವಳು ಎರಡೂ ಕೈಯಿಂದ ಅದನ್ನು ನನ್ನ ಕೈಗಿಟ್ಟಳು.

"ಏನಾದ್ರೂ ಅಂದ್ಕೊಳ್ಳಲಿ. ನಮ್ಮ ವಂಶಕ್ಕೆ ಬಂದ ಮೊದಲ್ನೇ ಕಾಗ್ದ, ಬರಿದಾಗಿ ಇಡೋಕಾಗ್ತದೇನೋ? ನಿಮ್ಮಮ್ಮ ಇದ್ದಿದ್ರೆ ಅವಳೇ ಹಚ್ಚೋಳು."